ಈಶಾನ್ಯದಲ್ಲಿ ಕೂರುವುದೇ ಬೇರೆ, ಈಶಾನ್ಯಕ್ಕೆ ಮುಖ ಮಾಡುವುದೇ ಬೇರೆ

ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಹೊರಬಿದ್ದ ವಾರದಿಂದ ಬಾಗಲಕೋಟೆ, ವಿಜಯಪುರಗಳಿಂದ, ಫೆಂಗ್ ಶುಯಿ ಎಂಬ ಚೀನೀಯರ ದಿಕ್ಕು-ಸ್ಥಳಗಳ ಶಾಸ್ತ್ರ ನೋಡಿ ಸಲಹೆ ಹೇಳುವ ನನಗೆ ಬರುವ ಕರೆಗಳಲ್ಲಿ ದೂರು ಒಂದೇ: ‘ಈಶಾನ್ಯದಲ್ಲೇ ಓದಲು ಕೂರಿಸಿದ್ದೇವೆ, ಆದರೂ ಗಣಿತದಲ್ಲಿ 35 ದಾಟುತ್ತಿಲ್ಲ.’ ಮಗು ಯಾವ ಕಡೆ ನೋಡುತ್ತಾ ಕೂರುತ್ತದೆ ಎಂದು ಕೇಳಿದರೆ ಆ ಕಡೆ ಮೌನ. ಬೆನ್ನ ಹಿಂದೆ ಏನಿದೆ ಎಂದರೆ ಇನ್ನೂ ದೀರ್ಘ ಮೌನ.

ಫೆಂಗ್ ಶುಯಿಯ ದಿಕ್ಕುಗಳ ನಕ್ಷೆಯಾದ ಬಾಗುವಾದಲ್ಲಿ ಈಶಾನ್ಯಕ್ಕೆ ಪರ್ವತದ ಚಿಹ್ನೆ. ವಿದ್ಯೆ, ಏಕಾಂತ, ಸ್ಥಿರತೆ ಅದರ ಪಾಲಿಗೆ ಬಂದಿವೆ. ಅದು ಸ್ಥಳದ ಮಾತು. ಆದರೆ ನಮ್ಮ ಮನೆಗಳಲ್ಲಿ ಈಶಾನ್ಯವನ್ನು ವಾಸ್ತು ಮೊದಲೇ ಹಿಡಿದಿಟ್ಟಿದೆ. ದೇವರ ಕೋಣೆ, ನೀರಿನ ತೊಟ್ಟಿ, ಕೊಳವೆಬಾವಿ ಎಲ್ಲವೂ ಅಲ್ಲೇ. ಉಳಿದ ಮೂರಡಿ ಜಾಗದಲ್ಲಿ ಮೇಜನ್ನು ಮೂಲೆಗೆ ಒತ್ತರಿಸಿ ಮಗುವನ್ನು ಅದರೊಳಗೆ ತುರುಕುತ್ತಾರೆ. ಮಗುವಿನ ಮೂಗಿನ ಮುಂದೆ ಎರಡು ಗೋಡೆಗಳು ಕೂಡುವ ಮೂಲೆ, ಬೆನ್ನಿಗೆ ಇಡೀ ಮನೆ.

ಓದುವ ಮೇಜಿನ ವಿಷಯದಲ್ಲಿ ಫೆಂಗ್ ಶುಯಿಯ ಮೊದಲ ನಿಯಮ ದಿಕ್ಕಿನದಲ್ಲ. ಬೆನ್ನಿಗೆ ಗಟ್ಟಿ ಗೋಡೆ ಇರಬೇಕು, ಕೋಣೆಯ ಬಾಗಿಲು ಕಣ್ಣಿಗೆ ಬೀಳಬೇಕು, ಆದರೆ ಬಾಗಿಲಿನ ನೇರಕ್ಕೆ ಕೂರಬಾರದು. ಈಶಾನ್ಯದ ಮೂಲೆಗೆ ಮುಖವಿಟ್ಟು ಕೂತವನಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಈಶಾನ್ಯಕ್ಕೆ ಮುಖ ಮಾಡಲೇಬೇಕೆಂದಿದ್ದರೆ ಕೋಣೆಯ ನೈಋತ್ಯದ ಕಡೆ ಕೂರಬೇಕು. ಆಗ ಕಣ್ಣೆದುರು ಕೋಣೆ ತೆರೆದುಕೊಳ್ಳುತ್ತದೆ. ಈಶಾನ್ಯದಲ್ಲೇ ಕೂರಬೇಕೆಂದಿದ್ದರೆ ಮುಖ ಬೇರೆ ಕಡೆ ತಿರುಗಬೇಕು. ಎರಡೂ ಒಟ್ಟಿಗೆ ಬೇಕೆಂದರೆ ಸಿಗುವುದು ಗೋಡೆ ಮಾತ್ರ. ಇದನ್ನು ಕಾಗದದ ಮೇಲೆ ಚೌಕ ಬರೆದು ತೋರಿಸಿ ಬಂದ ಮೇಲೂ, ಮರುದಿನ ‘ಹಾಗಾದರೆ ಈಶಾನ್ಯ ಬೇಡವೇ?’ ಎಂದು ಫೋನ್ ಬರುತ್ತದೆ. ಬೇಡ ಎಂದು ನಾನು ಹೇಳಿಲ್ಲ. ಸ್ಥಳ ಒಂದು, ಮುಖ ಇನ್ನೊಂದು ಎಂದಷ್ಟೇ ಹೇಳಿದ್ದೇನೆ.

ಮುಖ ಮಾಡುವ ದಿಕ್ಕಿಗೆ ಹುಟ್ಟಿದ ವರ್ಷದ ಲೆಕ್ಕವಿದೆ, ಅದನ್ನು ಕುವಾ ಸಂಖ್ಯೆ ಎನ್ನುತ್ತಾರೆ. 2010ರಲ್ಲಿ ಹುಟ್ಟಿದ ಹುಡುಗನಿಗೆ 8, ಹುಡುಗಿಗೆ 7. ಓದಿಗೆ ಹೇಳುವ ದಿಕ್ಕು ಅವನಿಗೆ ಈಶಾನ್ಯ, ಅವಳಿಗೆ ಪಶ್ಚಿಮ. ಅಂದರೆ ಅವಳಿಗಳಾದರೂ ಒಂದು ಗಂಡು, ಒಂದು ಹೆಣ್ಣಾದರೆ ಒಂದೇ ದಿಕ್ಕು ಹೊಂದುವುದಿಲ್ಲ. ಹಾಗೆಂದು ವಿಜಯಪುರದ ಏಪ್ರಿಲ್ ತಿಂಗಳಿನಲ್ಲಿ ಹುಡುಗಿಯನ್ನು ಪಶ್ಚಿಮದ ಕಿಟಕಿಗೆ ಮುಖ ಮಾಡಿ ಕೂರಿಸಿ ಎಂದು ನಾನಂತೂ ಹೇಳಲಾರೆ. ಉತ್ತರದ ಚಳಿಗಾಳಿಗೆ ಬೆನ್ನು ಕೊಟ್ಟು ಬದುಕಿದ ಚೀನೀಯರ ಶಾಸ್ತ್ರ ಇದು. ಸಂಜೆಯವರೆಗೆ ಬಿಸಿಲಲ್ಲಿ ಕಾದು ಸುಡುವ ನಮ್ಮ ಪಶ್ಚಿಮದ ಗೋಡೆಗಳನ್ನು ಅದು ಕಂಡಿಲ್ಲ.

ಬಾಗಲಕೋಟೆಯ ನವನಗರದ ಒಂದು ಮನೆ ನೆನಪಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ಊರು ಅದು. ಸೆಕ್ಟರಿನ ರಸ್ತೆ ಎತ್ತ ಇದೆಯೋ ಬಾಗಿಲು ಅತ್ತ, ಆರಿಸಿಕೊಳ್ಳುವ ಮಾತಿಲ್ಲ. ತಂದೆ ಎಲ್ಲ ತಯಾರಿಯನ್ನೂ ಮಾಡಿಕೊಂಡಿದ್ದರು. ಮೇಜಿನ ಮೇಲೆ ಸ್ಫಟಿಕದ ಗೋಳ, ವಿದ್ಯೆಯ ದೇವತೆ ವೆನ್‌ಚಾಂಗನ ಹೆಸರಿನ ಹಿತ್ತಾಳೆಯ ಗೋಪುರ, ನಾಲ್ಕು ಕಡ್ಡಿ ಬಿದಿರು. ಹುಡುಗ ಮೂಲೆಗೆ ಮುಖ ಹಾಕಿ ಕುಳಿತಿದ್ದ. ಹಿಂದಿನ ಬಾಗಿಲಿನಲ್ಲಿ ಯಾರು ಸುಳಿದರೂ ಕತ್ತು ತಿರುಗಿಸುತ್ತಿದ್ದ. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೂ ತಿರುಗುತ್ತಿದ್ದ, ಊಟಕ್ಕೆ ಕರೆಯಬಹುದೆಂದು. ತಂದೆ ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಪಾಟಿನ ಪಕ್ಕ ಹಿಡಿದು ಈಶಾನ್ಯ ಗುರುತಿಸಿದ್ದರು. ಕಬ್ಬಿಣದ ಹತ್ತಿರ ಹಿಡಿದ ದಿಕ್ಸೂಚಿ ಏನನ್ನಾದರೂ ಹೇಳೀತು. ಸಾಲದ್ದಕ್ಕೆ ಹುಡುಗ ಹುಟ್ಟಿದ್ದು 2010ರ ಜನವರಿಯಲ್ಲಿ. ಈ ಲೆಕ್ಕದಲ್ಲಿ ವರ್ಷ ಬದಲಾಗುವುದು ಫೆಬ್ರವರಿ 4ರ ಸುಮಾರಿಗೆ, ಹಾಗಾಗಿ ಅವನದು 2009, ಸಂಖ್ಯೆ 9, ದಿಕ್ಕು ದಕ್ಷಿಣ.

‘ದಕ್ಷಿಣಕ್ಕೆ ಮುಖವೇ? ನಾನು ಬದುಕಿರುವಾಗ ಆಗದು’ ಎಂದರು ಅಜ್ಜಿ. ನಾನು ವಾದಿಸಲಿಲ್ಲ. 9ರವರಿಗೆ ಪೂರ್ವವೂ ಶುಭವೇ. ಅದೇ ದಿಕ್ಕು ವಾಸ್ತುವಿಗೂ ಒಪ್ಪಿಗೆ, ಅಜ್ಜಿಗೂ ಒಪ್ಪಿಗೆ. ಪಶ್ಚಿಮದ ಒಳಗೋಡೆಗೆ ಬೆನ್ನು ಬರುವಂತೆ ಮೇಜು ತಿರುಗಿಸಿದೆವು, ಬಾಗಿಲು ಬಲಗಣ್ಣಿನ ಅಂಚಿಗೆ ಬಂತು. ಗೋಳವನ್ನು ಅಜ್ಜಿ ದೇವರ ಕೋಣೆಗೆ ಒಯ್ದರು. ಹುಡುಗ ಆ ವರ್ಷ ಪಾಸಾದ. ಅದಕ್ಕೆ ಮೇಜೇ ಕಾರಣವೆಂದು ಬರೆದುಕೊಡುವವನು ನಾನಲ್ಲ. ಟ್ಯೂಷನ್ ಹೇಳಿದ ಮಾಸ್ತರರು ಕೋಪಿಸಿಕೊಂಡಾರು.

ಇನ್ನೊಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಮಗು ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿಯುತ್ತಿದ್ದರೆ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಎಷ್ಟು ತಿದ್ದಿದರೂ ಅಕ್ಷರಗಳನ್ನು ಹಿಂದುಮುಂದಾಗಿ ಓದುತ್ತಿದ್ದರೆ ಶಾಲೆಯ ಶಿಕ್ಷಕರೊಂದಿಗೆ ಮಾತನಾಡಿ, ಕಲಿಕೆಯ ತೊಂದರೆ ಗುರುತಿಸುವ ತಜ್ಞರಿಗೆ ತೋರಿಸಿ. ಇವು ಯಾವ ದಿಕ್ಕಿಗೆ ತಿರುಗಿಸಿದರೂ ಸರಿಹೋಗುವ ತೊಂದರೆಗಳಲ್ಲ.

ನನ್ನನ್ನು ಕರೆಯುವುದಾದರೆ ಶಾಲೆ ಶುರುವಾಗುವ ಜೂನ್‌ನಲ್ಲೇ ಕರೆಯಿರಿ. ಪ್ರವೇಶಪತ್ರ ಕೈಗೆ ಬಂದ ಮೇಲೆ ಮೇಜು ಸರಿಸಲು ನಾನು ಬರುವುದಿಲ್ಲ. ಆಗ ರೂಢಿಯಾದ ಜಾಗ ಮೂಲೆಯಾದರೂ ಸರಿ, ಮಗು ಅಲ್ಲೇ ಓದಲಿ.