ಧಾಟಿ ಟೈಪ್ ಮಾಡುವಾಗ ವೇಗ ಹೇಗೆ ಬರೆಯಬೇಕು, ಆಮೇಲೆ ಹುಡುಕೋದು ಹೇಗೆ?

ಪ್ರಶ್ನೆ: ನಾವು ಗುಬ್ಬಿ ತಾಲ್ಲೂಕಿನವರು. ನಮ್ಮೂರಿನ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಡುವ ರಂಗಗೀತೆಗಳನ್ನು, ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಎಬಿಸಿ ನೊಟೇಶನ್‌ನಲ್ಲಿ ಟೈಪ್ ಮಾಡಿಡುತ್ತಿದ್ದೇವೆ. ಸ್ವರ ಸರಿ ಬರುತ್ತದೆ, ಆದರೆ ಕಂಪ್ಯೂಟರ್ ನುಡಿಸಿದಾಗ ವೇಗ ಎರಡರಷ್ಟಾಗುತ್ತದೆ. ಹಾಡು ಜಾಸ್ತಿಯಾದಂತೆ ಬೇಕಾದ ಧಾಟಿ ಹುಡುಕೋದೂ ಕಷ್ಟ. ಏನು ಮಾಡೋಣ?

ಉತ್ತರ: ವೇಗಕ್ಕೆ ಇರುವುದು ಕ್ಯೂ ಸಾಲು. (ಫೈಲಿನಲ್ಲಿ ಈ ಅಕ್ಷರಗಳನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಿರಿ.) ಕ್ಯೂ:1/4=80 ಅಂದರೆ ನಿಮಿಷಕ್ಕೆ 80 ಕಾಲು-ಸ್ವರ. ಕಾಲು-ಸ್ವರವನ್ನೇ ತಾಳದ ಒಂದು ಎಣಿಕೆ ಅಂತ ಇಟ್ಟುಕೊಂಡರೆ, ಆದಿತಾಳದ ಒಂದು ಆವರ್ತ (ಎಂಟು ಎಣಿಕೆಯ ಒಂದು ಸುತ್ತು) 6 ಸೆಕೆಂಡಿನಲ್ಲಿ ಮುಗಿಯುತ್ತದೆ.

ನಿಮ್ಮ ತೊಂದರೆ ಬಹುಶಃ ಇರುವುದು ಪಕ್ಕದ ಎಲ್ ಸಾಲಿನಲ್ಲಿ. ಟೈಪ್ ಮಾಡಿದ ಒಂದು ಸ್ವರಾಕ್ಷರ ಎಷ್ಟು ಉದ್ದ ಅಂತ ಹೇಳುವುದು ಅದು. ಅದನ್ನು ಬಿಟ್ಟರೆ 4/4ರ (ನಾಲ್ಕು ಕಾಲು-ಸ್ವರಗಳ ನಡೆಯ) ಹಾಡಿಗೆ ಸಾಫ್ಟ್‌ವೇರ್ ತಾನೇ 1/8 ಅಂದುಕೊಳ್ಳುತ್ತದೆ. ನೀವು ಎಣಿಕೆಗೆ ಒಂದು ಅಕ್ಷರ ಅಂತ ಬರೆದಿದ್ದರೆ ಹಾಡು ಎರಡರಷ್ಟು ಓಡದೆ ಇನ್ನೇನು ಮಾಡೀತು? ಎಲ್:1/4 ಅಂತ ಬರೆಯಿರಿ, ಸರಿಹೋಗುತ್ತದೆ. ಸುಮ್ನೆ ಕ್ಯೂ:80 ಅಂತ ಬರೆಯುವ ಹಳೆಯ ರೂಢಿಯನ್ನೂ ಬಿಡಿ. ಯಾವುದನ್ನು 80 ಸಲ ಎಣಿಸಬೇಕು ಅನ್ನೋದು ಅದರಲ್ಲಿ ಕಾಣುವುದೇ ಇಲ್ಲ.

ಮೇಷ್ಟ್ರು "ಮಧ್ಯಮ ಕಾಲ" ಅಂದರೆ ಆ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕ್ಯೂ ಸಾಲಿನಲ್ಲೇ ಇಡಬಹುದು. ಆದರೆ ಪಕ್ಕದಲ್ಲಿ ಅಂಕಿ ಇರಲೇಬೇಕು. ಒಬ್ಬರ ಮಧ್ಯಮ ಇನ್ನೊಬ್ಬರಿಗೆ ವಿಳಂಬ, ಅಲ್ವಾ? ಅವರು ಹಾಡುವಾಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ನಾಲ್ಕು ಆವರ್ತ, ಅಂದರೆ 32 ಎಣಿಕೆ, 24 ಸೆಕೆಂಡ್ ತೆಗೆದುಕೊಂಡರೆ ವೇಗ 80.

ಎರಡನೇ ಕಾಲಕ್ಕೆ ಹೋದಾಗ ಮಾತ್ರ ಕ್ಯೂ ಸಾಲನ್ನು ಮುಟ್ಟಬೇಡಿ. ತಾಳ ಹಾಕುವ ಕೈ ಅದೇ ವೇಗದಲ್ಲಿರುತ್ತದೆ, ಸ್ವರಗಳು ಅರ್ಧವಾಗುತ್ತವೆ ಅಷ್ಟೆ. ಕೈಯೇ ಓಡತೊಡಗಿದರೆ, ಆ ಜಾಗದಲ್ಲಿ ಚೌಕ ಕಂಸದೊಳಗೆ [ಕ್ಯೂ:1/4=100] ಅಂತ ಸೇರಿಸಿ. ಏಳು ಎಣಿಕೆಯ ಮಿಶ್ರಛಾಪು ತಾಳಕ್ಕೂ ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು ಇದು: ಕ್ಯೂ:3/8 1/4 1/4=30. ಮೂರು, ಎರಡು, ಎರಡರ ನಡೆ ಕಣ್ಣಿಗೇ ಕಾಣುತ್ತದೆ. ನಿಮಿಷಕ್ಕೆ 30 ಆವರ್ತ.

ಇನ್ನು ಹುಡುಕುವ ವಿಷಯ. ಪ್ರತಿ ಹಾಡೂ ಎಕ್ಸ್ ಸಾಲಿನಿಂದ ಶುರುವಾಗಬೇಕು, ಅದು ಹಾಡಿನ ಸಂಖ್ಯೆ. ಒಂದು ಫೈಲಿನಲ್ಲಿ ಒಂದು ಸಂಖ್ಯೆ ಒಂದೇ ಹಾಡಿಗೆ. ಹೆಸರು ಟಿ ಸಾಲಿನಲ್ಲಿ. ಒಂದೇ ಹಾಡಿಗೆ ಎರಡು ಮೂರು ಟಿ ಸಾಲು ಇದ್ದರೂ ನಡೆಯುತ್ತದೆ. ಎಬಿಸಿಯ 2011ರ 2.1 ಆವೃತ್ತಿ ಯುನಿಕೋಡ್ ಒಪ್ಪುವುದರಿಂದ ಹೆಸರನ್ನು ಕನ್ನಡದಲ್ಲೇ ಬರೆಯಿರಿ.

ಆದರೆ ಹೆಸರಿನ ಪಟ್ಟಿ ಒಂದೇ ಸಾಲದು. ಕಂಪನಿ ನಾಟಕಗಳಲ್ಲಿ ಒಂದೇ ಧಾಟಿಗೆ ಬೇರೆ ಬೇರೆ ಸಾಹಿತ್ಯ ಕೂರಿಸುವುದು ಮಾಮೂಲು. 1884ರಲ್ಲೇ ನಾಟಕ ಕಂಪನಿ ಹುಟ್ಟಿದ ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಪಲ್ಲವಿಯ ಮೊದಲ ಏಳೆಂಟು ಸ್ವರಗಳ ಇನ್ನೊಂದು ಪಟ್ಟಿ ಮಾಡಿ. ದೀರ್ಘ, ಗಮಕ, ಸ್ಥಾಯಿಯ ಗುರುತು ಎಲ್ಲ ತೆಗೆದು ಬರೀ ಸ್ವರ ಇಡಿ: ಸರಿಗಗಪಮಗ, ಮುಂದೆ ಎಕ್ಸ್ ಸಂಖ್ಯೆ. ಎಡುಪಿನ ಸ್ವರ (ತಾಳದ ಮೊದಲ ಪೆಟ್ಟಿಗೆ ಮುಂಚೆ ಎತ್ತಿಕೊಳ್ಳುವುದು) ಬಿಟ್ಟು ಸಮದಿಂದ, ಅಂದರೆ ಆ ಮೊದಲ ಪೆಟ್ಟಿನಿಂದ ಎಣಿಸಿ, ಯಾಕೆಂದರೆ ಎತ್ತಿಕೊಳ್ಳುವ ರೀತಿ ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ.

ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರು ಬಿಳಿ ನಾಲ್ಕು, ಇನ್ನೊಬ್ಬರು ಕರಿ ಒಂದರ ಶ್ರುತಿಯಲ್ಲಿ ಹಾಡಿದರೂ ಫೈಲಿನಲ್ಲಿ ಷಡ್ಜ ಯಾವಾಗಲೂ ಸಿ ಆಗಿರಲಿ. ಹಾಡಿದ ಶ್ರುತಿ ಎನ್ ಸಾಲಿನ ಟಿಪ್ಪಣಿಗೆ ಹೋಗಲಿ. ಆಗ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಒಂದೇ ಧಾಟಿಯ ಹಾಡುಗಳು ತಾವಾಗಿಯೇ ಪಕ್ಕಪಕ್ಕ ಬಂದು ಕೂರುತ್ತವೆ.