ಬೊಜ್ಜ ಮುಗಿದ ಮೇಲೆ ಮನೆಯವರಿಗೆ ಏನಾಗುತ್ತದೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮನೆಯಲ್ಲೊಂದು ಸಾವಾದರೆ ಎರಡು ವಾರ ಅಂಗಳ ಖಾಲಿಯಾಗುವುದಿಲ್ಲ. ಅಡುಗೆಗೆ ನೆರೆಮನೆಯವರಿರುತ್ತಾರೆ, ಹಟ್ಟಿಯ ದನಕ್ಕೆ ಯಾರೋ ಹುಲ್ಲು ಹಾಕಿರುತ್ತಾರೆ, ಬಂದವರೆಲ್ಲ ತೀರಿಹೋದವರ ಸುದ್ದಿಯನ್ನೇ ತೆಗೆಯುತ್ತಾರೆ. ಹದಿಮೂರನೇ ದಿನದ ಹೊತ್ತಿಗೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟವೂ ಆಗಿಹೋಗುತ್ತದೆ. ಚಪ್ಪರ ಬಿಚ್ಚಿದ ಮರುದಿನ ದುಬೈಯ ಮಗ ವಿಮಾನ ಹತ್ತುತ್ತಾನೆ. ಬ್ಯಾರಿಗಳ, ಕ್ರೈಸ್ತರ ಮನೆಗಳಲ್ಲಿ ದಿನಗಳ ಲೆಕ್ಕ ಬೇರೆ, ಜನ ಕರಗುವ ರೀತಿ ಅದೇ. ನೆರವು ನಿಜವಾಗಿ ಬೇಕಾಗುವುದು ಆಮೇಲಿನ ತಿಂಗಳುಗಳಲ್ಲಿ. ಎಂಥ ನೆರವು ಎಂಬುದು ಬಹುಪಾಲು ದುಃಖಿಸುವವರ ವಯಸ್ಸಿನ ಮೇಲೆ ನಿಂತಿದೆ.

ದುಃಖಕ್ಕೆ ಐದು ಹಂತಗಳಿವೆ ಎಂಬ ಮಾತು ಎಲ್ಲೆಡೆ ಹರಡಿದೆ: ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಇದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತಾಡಿ; ಸತ್ತವರ ಮನೆಯವರನ್ನು ನೋಡಿ ಬರೆದದ್ದಲ್ಲ. ಮನೆಯವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಸಾಗುವುದಿಲ್ಲ. ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಕೊಟ್ಟ ವಿವರಣೆ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ. ಮನಸ್ಸು ಒಂದಿಷ್ಟು ಹೊತ್ತು ಅಗಲಿಕೆಯ ಕಡೆ ತಿರುಗುತ್ತದೆ, ಅಳುತ್ತದೆ, ನೆನೆಯುತ್ತದೆ. ಮತ್ತೊಂದಿಷ್ಟು ಹೊತ್ತು ಬ್ಯಾಂಕು, ತೋಟ, ರೇಷನ್ ಕಾರ್ಡು ಎಂದು ಮುಂದಿನ ಬದುಕಿನ ಕಡೆ ಹೊರಳುತ್ತದೆ. ಈ ಹೋಗಿಬರುವಿಕೆಯೇ ಚೇತರಿಕೆ. ಎರಡರಲ್ಲಿ ಯಾವುದೋ ಒಂದು ಕಡೆ ಸಿಕ್ಕಿಬಿದ್ದಾಗ ತೊಂದರೆ.

ಜೂನಿನಲ್ಲಿ ಗಂಡ ತೀರಿಕೊಂಡರೆಂದು ಇಟ್ಟುಕೊಳ್ಳಿ. ಅಡಿಕೆಗೆ ಮೊದಲ ಮದ್ದು ಸಿಂಪಡಿಸಿ 40–45 ದಿನಕ್ಕೆ ಎರಡನೆಯದು ಸಿಂಪಡಿಸದಿದ್ದರೆ ಕೊಳೆರೋಗ ಬರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಲೆಕ್ಕ ಹಾಕುತ್ತ, ಮದ್ದು ಬಿಡುವವರಿಗೆ ಫೋನು ಮಾಡುತ್ತಿರುವ ಹೆಂಗಸನ್ನು ಕಂಡು 'ಇವಳಿಗೇನೂ ಆದಂತೆಯೇ ಇಲ್ಲ' ಎನ್ನುವ ಬಾಯಿಗಳು ಊರಲ್ಲಿ ಇದ್ದೇ ಇರುತ್ತವೆ. ಆಕೆ ಮಾಡುತ್ತಿರುವುದು ದುಃಖದ ಅರ್ಧ ಕೆಲಸ. ಮಳೆ ಹೊಯ್ಯುವಾಗ ಮದ್ದು ಬಿಡಲಾಗದ ದಿನ ಆಕೆಯ ಜೊತೆ ಕೂತು ಗಂಡನ ಮಾತು ತೆಗೆಯುವವರಿದ್ದರೆ ಉಳಿದರ್ಧವೂ ಆಗುತ್ತದೆ.

ಮಕ್ಕಳಲ್ಲಿ ಈ ಹೋಗಿಬರುವಿಕೆ ಬಲು ಚುರುಕು. ಹತ್ತು ನಿಮಿಷ ಬಿಕ್ಕಿ ಅತ್ತ ಮಗು ಆಟಕ್ಕೆ ಓಡುತ್ತದೆ; ಅದನ್ನು ಗದರಬಾರದು. ಸತ್ತವರು ಮರಳುವುದಿಲ್ಲ, ಅವರ ದೇಹ ಕೆಲಸ ಮಾಡುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ: ಈ ಮೂರೂ ಒಟ್ಟಾಗಿ ತಿಳಿಯುವುದು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೆ. ಅದಕ್ಕೂ ಚಿಕ್ಕ ಮಗು 'ಅಜ್ಜ ಯಾವಾಗ ಬರ್ತಾರೆ' ಎಂದು ದಿನವೂ ಕೇಳುತ್ತದೆ, ದಿನವೂ ಅದೇ ಉತ್ತರ ಕೊಡಬೇಕು: 'ಅಜ್ಜ ಸತ್ತುಹೋಗಿದ್ದಾರೆ. ಅವರು ಉಸಿರಾಡುವುದಿಲ್ಲ, ಅವರಿಗೆ ನೋವಾಗುವುದಿಲ್ಲ, ಮತ್ತೆ ಬರುವುದಿಲ್ಲ. ನಿನ್ನಿಂದಾಗಿ ಆದದ್ದಲ್ಲ.' ಕೊನೆಯ ವಾಕ್ಯ ಬಿಡಬೇಡಿ. ತಾನು ಹಟ ಮಾಡಿದ್ದಕ್ಕೇ ಹೀಗಾಯಿತು ಎಂದು ನಂಬುವ ಮಕ್ಕಳಿದ್ದಾರೆ. 'ನಿದ್ದೆ ಮಾಡಿದ್ದಾರೆ' ಎಂದರೆ ಮಗು ಮಲಗಲು ಹೆದರಬಹುದು. 'ಗಲ್ಫಿಗೆ ಹೋಗಿದ್ದಾರೆ' ಎನ್ನುವುದು ಅದಕ್ಕಿಂತ ಕೆಟ್ಟದ್ದು, ನಮ್ಮಲ್ಲಿ ಗಲ್ಫಿಗೆ ಹೋದವರು ಪೆಟ್ಟಿಗೆ ಹೊತ್ತು ಬಂದೇ ಬರುತ್ತಾರಲ್ಲ. ಕೆಲವು ವಾರ ಹಾಸಿಗೆ ಒದ್ದೆಯಾದರೆ, ಅಮ್ಮನ ಸೆರಗು ಬಿಡದಿದ್ದರೆ ಗಾಬರಿ ಬೇಡ.

ಹದಿಹರೆಯದವರು ಬಚ್ಚಿಡುತ್ತಾರೆ. ದುಃಖ ಅವರಲ್ಲಿ ಸಿಡುಕಾಗಿ, ಇಳಿದ ಅಂಕಗಳಾಗಿ, ಬೈಕಿನ ವೇಗವಾಗಿ ಹೊರಬೀಳುತ್ತದೆ. ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಅಂಥ ಹುಡುಗನ ಬೆನ್ನು ತಟ್ಟಿ 'ಇನ್ನು ಮನೆ ನಿನ್ನ ಹೆಗಲಿಗೆ' ಎನ್ನುವ ಮಾವಂದಿರು ದಯವಿಟ್ಟು ಸುಮ್ಮನಿರಬೇಕು. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ, ಗೆಳೆಯರನ್ನು ಮನೆಗೆ ಬರಲು ಬಿಟ್ಟರೆ ಹೆಚ್ಚು ಉಪಯೋಗ.

ನಡುವಯಸ್ಸಿನ ಒಂದು ದುಃಖಕ್ಕೆ ಬೊಜ್ಜವೇ ಇಲ್ಲ. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆಯಿತು. ಬಾಧಿತರೆಂದು ಗುರುತಿಸಲಾದ ಮಕ್ಕಳ ತಂದೆತಾಯಿಗೆ ಮಗು ಕಣ್ಣೆದುರೇ ಇದೆ. ಇಲ್ಲವಾದದ್ದು ಅವರು ಕಂಡ ಕನಸು. ತೀವ್ರ ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಪೋಷಕರಲ್ಲಿ ಕಂಡ ಇಂಥ ಮುಗಿಯದ ವ್ಯಥೆಯನ್ನು ಅಮೆರಿಕದ ಸೈಮನ್ ಓಲ್ಶಾನ್‌ಸ್ಕಿ 1962ರಲ್ಲೇ ವಿವರಿಸಿದ್ದರು. ಇದು ಸಹಜ ಪ್ರತಿಕ್ರಿಯೆ, ಕಾಯಿಲೆಯಲ್ಲ ಎಂಬುದು ಅವರ ವಾದ. ಓರಗೆಯ ಮಕ್ಕಳು ಶಾಲೆಗೆ ಸೇರುವ ಜೂನ್, ಹತ್ತನೇ ತರಗತಿಯ ಫಲಿತಾಂಶ, ಅವರ ಮದುವೆಯ ಕಾಗದ, ಪ್ರತಿಯೊಂದೂ ಗಾಯ ಕೆದಕುತ್ತದೆ. 'ಇಷ್ಟು ವರ್ಷವಾಯಿತಲ್ಲ, ಒಪ್ಪಿಕೊಳ್ಳಿ' ಎಂದರೆ ಪ್ರಯೋಜನವಿಲ್ಲ. ವಾರಕ್ಕೆರಡು ಬಾರಿ, ಎರಡೆರಡು ಗಂಟೆ ಮಗುವನ್ನು ನೋಡಿಕೊಂಡು ತಾಯಿಯನ್ನು ಹೊರಗೆ ಕಳುಹಿಸುವವರು ಬೇಕು.

ಇಳಿವಯಸ್ಸಿನಲ್ಲಿ ಏಟು ದೇಹಕ್ಕೇ ಬೀಳುತ್ತದೆ. ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರನ್ನು ಬ್ರಿಟನ್ನಿನಲ್ಲಿ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು ಹಿಂಬಾಲಿಸಿ ನೋಡಿದರು. 1969ರ ಆ ವರದಿಯಂತೆ ಮೊದಲ ಆರು ತಿಂಗಳಲ್ಲಿ ಸತ್ತವರು ಅದೇ ವಯಸ್ಸಿನ ವಿವಾಹಿತರಿಗಿಂತ ಶೇ. 40ರಷ್ಟು ಹೆಚ್ಚು, ಅದರಲ್ಲಿ ಹೃದ್ರೋಗದ ಪಾಲು ದೊಡ್ಡದು. ಒತ್ತಡದಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ, ಬಿಪಿ ಮತ್ತು ಸಕ್ಕರೆ ಏರುತ್ತವೆ. ಅದೇ ಹೊತ್ತಿಗೆ, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಬಲ್ಲವರು ಇಲ್ಲವಾಗಿರುತ್ತಾರೆ. ಆದ್ದರಿಂದ ಬೊಜ್ಜ ಕಳೆದ ವಾರವೇ ಮಾತ್ರೆಗಳನ್ನು ದಿನದ ಲೆಕ್ಕದಲ್ಲಿ ಡಬ್ಬಿಗೆ ಹಾಕಿಡಿ, ಬಿಪಿ–ಸಕ್ಕರೆ ನೋಡಿಸಿ, ತಿಂಗಳಿಗೊಮ್ಮೆ ತೂಕ ಬರೆದಿಡಿ. ಗಂಜಿ ಬೇಯಿಸಿದ್ದಾರೆಯೇ ಎಂದಲ್ಲ, ಉಂಡಿದ್ದಾರೆಯೇ ಎಂದು ನೋಡಿ.

ಎದೆನೋವನ್ನು 'ದುಃಖಕ್ಕೆ ಎದೆ ಭಾರ' ಎಂದು ತಳ್ಳಿಹಾಕಬಾರದು. 1990ರಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದ ಟಕೋಟ್ಸುಬೊ ಎಂಬ ತೊಂದರೆಯಲ್ಲಿ ರಕ್ತನಾಳ ಕಟ್ಟದೆಯೇ ಹೃದಯದ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆ, ದುರ್ಬಲವಾಗುತ್ತದೆ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅದು ಟಕೋಟ್ಸುಬೊವೋ ಹೃದಯಾಘಾತವೋ ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ, ತಕ್ಷಣ ಆಸ್ಪತ್ರೆಗೇ ಹೊರಡಬೇಕು. ಇನ್ನು, ತೀರಿಹೋದವರ ದನಿ ಕೇಳಿತು, ಚಾವಡಿಯಲ್ಲಿ ಕೂತಿದ್ದರು ಎಂದು ಅಜ್ಜಿ ಹೇಳಿದರೆ ಬುದ್ಧಿಭ್ರಮೆಯೆಂದು ಬೆಚ್ಚಬೇಡಿ, ಮಂತ್ರವಾದಿಯಲ್ಲಿಗೂ ಓಡಬೇಡಿ. ವೇಲ್ಸಿನ ವೈದ್ಯ ಡ್ಯೂಯಿ ರೀಸ್ 1971ರಲ್ಲಿ 293 ವಿಧವೆ–ವಿಧುರರನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಂಥದ್ದನ್ನು ಅನುಭವಿಸಿದ್ದರು.

ನಿದ್ದೆಗಾಗಿ ಕುಡಿತ ಬೇಡ; ವಯಸ್ಸಾದವರಿಗೆ ಅಂಗಡಿಯಿಂದ ತಾವಾಗಿ ತಂದ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ನಿದ್ದೆ ಬರಲಿ ಬಾರದಿರಲಿ, ಏಳುವ ಹೊತ್ತು ಒಂದೇ ಇರಲಿ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದನ್ನು ಐದು ನಿಮಿಷ ಮಾಡಿದರೆ ಎದೆಬಡಿತ ನಿಧಾನವಾಗುತ್ತದೆ. ಅಷ್ಟೇ, ದುಃಖ ಹೋಗುವುದಿಲ್ಲ.

ಆರು ತಿಂಗಳು ದಾಟಿಯೂ ಹಂಬಲ ಒಂದಿಷ್ಟೂ ತಗ್ಗದೆ, ದಿನದ ಕೆಲಸ ಸಾಗದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಅದನ್ನು ದೀರ್ಘಕಾಲದ ಶೋಕವ್ಯಾಧಿ ಎನ್ನುತ್ತದೆ. ಅಮೆರಿಕದ ಪಟ್ಟಿ ದೊಡ್ಡವರಿಗೆ ಹನ್ನೆರಡು ತಿಂಗಳು ಕಾಯುತ್ತದೆ. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಬಹುದು. ಆಸ್ಪತ್ರೆಗೆ ಹೋದಾಗ ಸಲಹೆಗಾರರಿಗೆ ಮಲಯಾಳ ಮಾತ್ರ ಬರುತ್ತಿದ್ದರೆ, ಶಾಲೆಯಲ್ಲಿ ಮಲಯಾಳ ಕಲಿತ ಮಗಳನ್ನು ನಡುವೆ ಕೂರಿಸಿ ಅಮ್ಮನ ಅಳಲನ್ನು ಹೇಳಿಸುವುದು ನಮ್ಮಲ್ಲಿ ಸುಲಭದ ದಾರಿ. ಹಾಗೆ ಮಾಡಬೇಡಿ. ಅಮ್ಮ ಮಗಳೆದುರು ಅರ್ಧ ನುಂಗುತ್ತಾರೆ, ಉಳಿದರ್ಧವನ್ನು ಮಗಳು ಹೊತ್ತುಕೊಂಡು ಮನೆಗೆ ಬರುತ್ತಾಳೆ. ಎರಡೂ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯನ್ನೋ ಪಾಲಿಯೇಟಿವ್ (ಉಪಶಮನ ಆರೈಕೆಯ) ನರ್ಸನ್ನೋ ಮೊದಲೇ ಮಾತಾಡಿಸಿ, ಜೊತೆಗೆ ಕರೆದುಕೊಂಡು ಹೋಗಿ.