ಮರೀನ್ ಲೆ ಪೆನ್: ಇಸ್ಲಾಂ, ವಲಸೆ ಮತ್ತು ಫ್ರಾನ್ಸಿನ ಜಾತ್ಯತೀತತೆ

ಪರೀಕ್ಷೆಯಲ್ಲಿ ಯುರೋಪಿನ ಬಲಪಂಥದ ಬಗ್ಗೆ ಪ್ರಶ್ನೆ ಬಂದರೆ ಫ್ರಾನ್ಸಿನ ರಾಜಕಾರಣಿ ಮರೀನ್ ಲೆ ಪೆನ್ ಹೆಸರು ಬಂದೇ ಬರುತ್ತದೆ. ಸುಮ್ನೆ 'ಇಸ್ಲಾಂ ವಿರೋಧಿ, ವಲಸೆ ವಿರೋಧಿ' ಎಂದು ಬರೆದರೆ ಅರ್ಧ ಉತ್ತರವಷ್ಟೇ. ಈ ಎರಡನ್ನೂ ಅವರು ಜಾತ್ಯತೀತತೆಯ ಹೆಸರಿನಲ್ಲೇ ಹೇಳುತ್ತಾರೆ. ಗಮನಿಸಬೇಕಾದದ್ದು ಇದನ್ನೇ.

ಫ್ರಾನ್ಸಿನ ಜಾತ್ಯತೀತತೆಗೆ 'ಲಾಯಿಸಿತೆ' ಎಂದು ಹೆಸರು. ಅದರ ಬುಡ 1905ರ ಕಾಯ್ದೆ. ಮೊದಲ ಕಲಂ ಪ್ರಕಾರ ಯಾರು ಯಾವ ಧರ್ಮವನ್ನಾದರೂ ನಂಬಬಹುದು, ಪಾಲಿಸಬಹುದು. ಎರಡನೇ ಕಲಂ ಪ್ರಕಾರ ಸರ್ಕಾರದಿಂದ ಯಾವ ಧರ್ಮಕ್ಕೂ ಮಾನ್ಯತೆ ಇಲ್ಲ, ಸಂಬಳ ಇಲ್ಲ, ಅನುದಾನ ಇಲ್ಲ. ಅಂದರೆ ನಮ್ಮ ಮುಜರಾಯಿ ಇಲಾಖೆಯಂಥದ್ದಕ್ಕೆ ಅಲ್ಲಿ ಜಾಗವೇ ಇಲ್ಲ. (ಪೂರ್ವ ಫ್ರಾನ್ಸಿನ ಅಲ್ಸಾಸ್-ಮೊಸೆಲ್ ಪ್ರದೇಶದ ಕಥೆ ಬೇರೆ. 1905ರಲ್ಲಿ ಅದು ಜರ್ಮನಿಯ ಕೈಯಲ್ಲಿತ್ತು. ಹಾಗಾಗಿ ಅಲ್ಲಿನ ಪಾದ್ರಿಗಳಿಗೆ, ರಬ್ಬಿಗಳಿಗೆ ಇವತ್ತಿಗೂ ಸರ್ಕಾರಿ ಸಂಬಳ!) ಈ ಕಾಯ್ದೆ ಕಟ್ಟಿಹಾಕಿದ್ದು ಸರ್ಕಾರವನ್ನು, ಜನರನ್ನಲ್ಲ.

ಆಮೇಲೆ ಗೆರೆ ಸರಿಯಿತು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳಿಗೆ ನಿಷೇಧ ಬಂತು. 2010ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಮುಖ ಮುಚ್ಚುವಂತಿಲ್ಲ ಎಂದಾಯಿತು. ಇವೆರಡೂ ಲೆ ಪೆನ್ ಪಕ್ಷದ ಸರ್ಕಾರ ತಂದದ್ದಲ್ಲ ಎಂಬುದು ನೆನಪಿರಲಿ.

ಲೆ ಪೆನ್ 2010ರ ಡಿಸೆಂಬರ್‌ನಲ್ಲಿ ಲಿಯೋನ್ ನಗರದಲ್ಲಿ ಮಾತಾಡುತ್ತಾ, ಬೀದಿ ನಮಾಜನ್ನು ಪರದೇಶದವರು ನೆಲ ವಶಪಡಿಸಿಕೊಳ್ಳುವುದಕ್ಕೆ ಹೋಲಿಸಿದರು. ಕೇಸಾಯಿತು, 2015ರಲ್ಲಿ ಖುಲಾಸೆಯೂ ಆಯಿತು. 2011ರಲ್ಲಿ ತಂದೆಯಿಂದ ನ್ಯಾಷನಲ್ ಫ್ರಂಟ್ ಪಕ್ಷ (ಈಗಿನ ಹೆಸರು ನ್ಯಾಷನಲ್ ರ್ಯಾಲಿ) ಅವರ ಕೈಗೆ ಬಂತು. ತಮ್ಮ ಜಗಳ ಇಸ್ಲಾಂ ಜೊತೆಗಲ್ಲ, ಇಸ್ಲಾಮಿಸಂ ಎಂಬ ರಾಜಕೀಯದ ಜೊತೆಗೆ ಎನ್ನುವುದು ಅವರ ವಾದ. ಉತ್ತರದಲ್ಲಿ ಇದನ್ನೂ ಬರೆಯಬೇಕು.

ಆದರೆ 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರ ಭರವಸೆ ಏನಿತ್ತು? ಬೀದಿಯಲ್ಲೂ ತಲೆವಸ್ತ್ರಕ್ಕೆ ನಿಷೇಧ, ತೊಟ್ಟರೆ ಸೀಟ್‌ಬೆಲ್ಟ್ ಹಾಕದಿದ್ದಾಗ ಬೀಳುವಂಥ ದಂಡ. ಪೆರ್ತುಯಿ ಎಂಬ ಊರಿನ ಸಂತೆಯಲ್ಲಿ ತಲೆವಸ್ತ್ರ ತೊಟ್ಟ ಒಬ್ಬ ಮಹಿಳೆ ಇದರ ಬಗ್ಗೆ ಅವರನ್ನೇ ತಡೆದು ಕೇಳಿದರು. ಇದು ಉಗ್ರರು ಹೇರಿದ ಸಮವಸ್ತ್ರ ಎಂದರು ಲೆ ಪೆನ್. ನಾನು ವಯಸ್ಸಾದ ಮೇಲೆ ತೊಟ್ಟಿದ್ದು, ಇದು ಅಜ್ಜಿಯಾದುದರ ಗುರುತು ಎಂದರು ಆ ಮಹಿಳೆ. ಧರ್ಮ ಬೇರೆ, ರಾಜಕೀಯ ಬೇರೆ ಎನ್ನುವ ವಾದ ಸಂತೆಯಲ್ಲಿ ನಿಲ್ಲಲಿಲ್ಲ, ಅಲ್ವಾ? ಕೆಲವೇ ದಿನಗಳಲ್ಲಿ ಲೆ ಪೆನ್ ಇದನ್ನು 'ಜಟಿಲ ಸಮಸ್ಯೆ' ಎನ್ನತೊಡಗಿದರು. ಎರಡನೇ ಸುತ್ತಿನಲ್ಲಿ ಸೋತರೂ ಶೇ. 41ಕ್ಕಿಂತ ಜಾಸ್ತಿ ಮತ ಬಂತು.

ಇನ್ನೊಂದು ಕಡೆ ನೋಡಿ. ಅವರ ಪಕ್ಷದ ಬೆಂಬಲದಿಂದ ಗೆದ್ದ ಬೆಜಿಯೇ ನಗರದ ಮೇಯರ್, 2014ರಲ್ಲಿ ಪುರಭವನದೊಳಗೇ ಯೇಸು ಹುಟ್ಟಿದ ಗೋದಲಿ ಇಡಿಸಿದರು. ಅದು ಸಂಪ್ರದಾಯ, ಧರ್ಮವಲ್ಲ ಎಂದು ಪಕ್ಷ ಸಮರ್ಥಿಸಿತು. ನನ್ನ ಪ್ರಕಾರ ಇಲ್ಲೇ ಬಿರುಕು ಕಾಣುತ್ತದೆ: ಸರ್ಕಾರಿ ಕಟ್ಟಡಕ್ಕೆ ಸಡಿಲ, ಬೀದಿಯಲ್ಲಿ ನಡೆಯುವವರಿಗೆ ಬಿಗಿ. 1905ರ ಕಾಯ್ದೆ ಇದ್ದದ್ದು ಇದಕ್ಕೆ ತದ್ವಿರುದ್ಧ.

ವಲಸೆಯ ವಿಷಯದಲ್ಲಿ ಅವರ ಸೂತ್ರ 'ರಾಷ್ಟ್ರೀಯ ಆದ್ಯತೆ': ಕೆಲಸ, ಸರ್ಕಾರಿ ಮನೆ ಮೊದಲು ಫ್ರೆಂಚರಿಗೆ. ಅಲ್ಲಿ ಹುಟ್ಟಿದ ಆಧಾರದ ಮೇಲೆ ಪೌರತ್ವ ಸಿಗುವುದೂ ನಿಲ್ಲಬೇಕು. ಈ ಆದ್ಯತೆ ಸಂವಿಧಾನದ ಸಮಾನತೆಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಅವರು ಇದನ್ನು ಜನಮತಗಣನೆಗೆ ಹಾಕಿ, ಸಂವಿಧಾನವನ್ನೇ ಬದಲಿಸಬೇಕು ಎನ್ನುವುದು.